ಸತ್ತಾಕಿ ಕಡೆಯ ಸಾಕ್ಷಿ

ಅಮಸಿದ್ದನನ್ನು ಬಾವುಟದ ಕಂಬಕ್ಕೆ ಕಟ್ಟಿದವರು ಶ್ರೀಶೈಲಪ್ಪ ಸಾಹುಕಾರನ ಆಳುಗಳಲ್ಲ. ಕೂಲಿಕಾರರ ಸಂಘದವರೇ ಕಟ್ಟಿದರು. ಹಾಡುಹಗಲು ಕಟ್ಟಿದರು. ಎಮ್ಮೆ ಕಟ್ಟುವ ಹಗ್ಗದಿಂದ ಕಟ್ಟಿದರು.

ಅವನ ಹೆಂಡತಿ ಕಸ್ತೂರೆವ್ವ ಆ ಹೊತ್ತಿಗೆ ಹಳ್ಳದ ದಂಡೆಯಿಂದ ಜಾಲಿ ಕಟ್ಟಿಗೆಯ ಹೊರೆ ಹೊತ್ತು ಬರುತ್ತಿದ್ದಳು. ಅಗಸಿ ದಾಟಿದಾಗ ಜನ ಕಂಡರು. ಯಾರೋ ಸತ್ತಿರಬೇಕು ಅಂದುಕೊಂಡಳು. ಹತ್ತಿರ ಹೋದಾಗ ಗಂಡನ ತಲೆ ಕಂಡಿತು. ಅರವತ್ತೆರಡು ವರ್ಷದ ಬಿಳಿ ತಲೆ. ಕನ್ನಡಕ ಇರಲಿಲ್ಲ. ಧೋತರ ಜಾರಿ ಒಳಗಿನ ಚಡ್ಡಿ ಕಾಣುತ್ತಿತ್ತು. ಕೈ ಹಿಂದಕ್ಕೆ ಕಟ್ಟಿದ್ದರಿಂದ ಅವನಿಗೆ ಅದನ್ನು ಮೇಲೆ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಸುತ್ತ ನಿಂತ ನೂರು ಜನರಲ್ಲಿ ಒಬ್ಬರೂ ಅದನ್ನು ಸರಿ ಮಾಡಿರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿಗೆ ಕಬ್ಬಿಣದ ಕಂಬ ಹಂಚಿನಂತೆ ಕಾದಿತ್ತು. ಬೆನ್ನು ತಾಗಬಾರದೆಂದು ಅವನು ಮುಂದಕ್ಕೆ ಬಾಗಿ ನಿಂತಿದ್ದ. ಬಾಗಿದಷ್ಟೂ ಹಗ್ಗ ರಟ್ಟೆ ಕೊಯ್ಯುತ್ತಿತ್ತು.

ಹಗ್ಗದ ತುದಿ ರೋಷನಬಿಯ ಕೈಯಲ್ಲಿತ್ತು. ಇಪ್ಪತ್ತು ವರ್ಷ ಕಸ್ತೂರೆವ್ವನ ಪಕ್ಕದ ಸಾಲಿನಲ್ಲಿ ಕಳೆ ತೆಗೆದವಳು. ಗಂಡಾಳಿಗೆ ಕೊಡುವಷ್ಟೇ ಕೂಲಿ ಹೆಣ್ಣಾಳಿಗೂ ಕೊಡಬೇಕೆಂದು ಅಮಸಿದ್ದ ಉಪವಾಸ ಕೂತಾಗ ಅವನ ಜೊತೆ ಕೂತವಳು. ಕಸ್ತೂರೆವ್ವನನ್ನು ಕಂಡು ಅವಳು ಮುಖ ತಿರುಗಿಸಲಿಲ್ಲ. ಹಗ್ಗವನ್ನೂ ಬಿಡಲಿಲ್ಲ.

ಆ ಕಂಬವನ್ನು ಅಲ್ಲಿ ನೆಟ್ಟವನು ಅಮಸಿದ್ದನೇ.

ಗೊರವಿಹಾಳ ಇಂಡಿ ತಾಲೂಕಿನ ಊರು. ಅಮಸಿದ್ದನ ಅಪ್ಪನಿಗೆ ಎಂಬತ್ತು ಕುರಿ ಇದ್ದವು. ಮಗ ಸಿಂದಗಿಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಕುರಿಯ ಹಿಂದೆ ಹೋಗಲಿಲ್ಲ. ತಾಳಿಕೋಟೆಯ ಒಂದು ಹತ್ತಿ ಗಿರಣಿಯಲ್ಲಿ ಹಮಾಲಿಗೆ ಸೇರಿದ. ಮೂರನೆಯ ವರ್ಷ ಯಂತ್ರದ ಪಟ್ಟಿಗೆ ಒಬ್ಬನ ತೋಳು ಸಿಕ್ಕಿತು. ತೋಳು ಹೋದವನನ್ನು ಮಾಲೀಕ ಅವತ್ತೇ ಲೆಕ್ಕ ಮುಗಿಸಿ ಹೊರಗೆ ಹಾಕಿದ. ರಕ್ತ ಒರೆಸಿ ಯಂತ್ರ ಶುರು ಮಾಡಿರೆಂದ. ಇಪ್ಪತ್ತರ ಅಮಸಿದ್ದ ಯಂತ್ರದ ಮುಂದೆ ಅಡ್ಡ ನಿಂತ. ಒರೆಸುವುದಿಲ್ಲ ಅಂದ. ಆ ಒಂದು ಮಾತಿಗೆ ಗಿರಣಿ ಹದಿನೇಳು ದಿನ ನಿಂತಿತು. ಕಮ್ಯುನಿಸ್ಟ್ ಪಕ್ಷದವರು ಅವನನ್ನು ಹುಡುಕಿಕೊಂಡು ಬಂದರು.

ಅಲ್ಲಿಂದ ಅವನು ಮನೆಯವನಾಗಿ ಉಳಿಯಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕು ತಾಲೂಕನ್ನು ಸೈಕಲ್ಲಿನ ಮೇಲೆ ತುಳಿದ. ಮನಗೂಳಿಯ ಒಂದು ಚಹಾದ ಅಂಗಡಿಯಲ್ಲಿ ಕೇರಿಯವರಿಗೆಂದು ಬೇರೆ ಇಟ್ಟಿದ್ದ ಗಾಜಿನ ಲೋಟಗಳನ್ನು ಒಂದೊಂದಾಗಿ ಎತ್ತಿ ಒಡೆದ. ತಂಗಡಗಿಯ ಹೊಳೆ ದಂಡೆಯಲ್ಲಿ ಜೀತಕ್ಕಿದ್ದ ಒಂಬತ್ತು ಮನೆಯವರನ್ನು ಬಿಡಿಸಿದ. ಪೊಲೀಸರು ಅವನ ಅಂಗಾಲಿಗೆ ಹೊಡೆದರು. ಹದಿನಾಲ್ಕು ತಿಂಗಳು ಜೈಲಿನಲ್ಲಿಟ್ಟರು. ಹೊರಗೆ ಬಂದವನೇ ಮತ್ತೆ ಸೈಕಲ್ ಹತ್ತಿದ. ಎಂಬತ್ತು ಕುರಿಗಳು ಒಂದೊಂದಾಗಿ ಅವನು ಕಟ್ಟಿದ ಸಂಘದ ಖರ್ಚಿಗೆ ಹೋದವು. ಕುರಿ ಕಾಯಬೇಕಾದ ಮಗ ಜನ ಕಾಯಲು ಹೊರಟಿದ್ದಾನೆ, ಕುರಿಗಳಾದರೂ ಕರೆದರೆ ಹಿಂದೆ ಬರುತ್ತವೆ ಎಂದು ಅವನ ಅಪ್ಪ ಸಾಯುವತನಕ ಅನ್ನುತ್ತಿದ್ದ.

ಕಸ್ತೂರೆವ್ವ ಅವನನ್ನು ಮದುವೆಯಾಗಿದ್ದು ಜೈಲಿನಿಂದ ಬಂದ ವರ್ಷ. ಅವನು ಭಾಷಣ ಮಾಡಿದ. ಅವಳು ರೊಟ್ಟಿ ಬಡಿದಳು. ಸಭೆಗೆ ನಲವತ್ತು ಜನ ಬಂದರೆ ಎಂಬತ್ತು ರೊಟ್ಟಿ. ದುಡಿಯುವ ಹೆಣ್ಣಿನ ಬೆವರಿನ ಬಗ್ಗೆ ಅವನು ಕಟ್ಟೆಯ ಮೇಲೆ ನಿಂತು ಮಾತಾಡುವಾಗ ಅವಳು ಒಳಗೆ ಹಿಟ್ಟು ನಾದುತ್ತಿದ್ದಳು. ಅಷ್ಟು ಜೋಳ ಎಲ್ಲಿಂದ ಬಂತೆಂದು ಅವನು ಒಮ್ಮೆಯೂ ಕೇಳಲಿಲ್ಲ. ಅದು ಅವಳು ಲಿಂಬೆಯ ತೋಟದಲ್ಲಿ ಮುಳ್ಳಿಗೆ ಕೈ ಕೊಟ್ಟು ತಂದ ಜೋಳ. ಅವರಿಗಿದ್ದ ಒಂದೇ ಮಗು ಜ್ವರ ಬಂದು ಸತ್ತಾಗ ಅವನು ಮುದ್ದೇಬಿಹಾಳದಿಂದ ಹೊರಟ ಪಾದಯಾತ್ರೆಯಲ್ಲಿದ್ದ. ಮೂರನೆಯ ದಿನ ಬಂದ. ಅಂಗಳದಲ್ಲಿ ಕೂತು ಅತ್ತ. ಐದನೆಯ ದಿನ ಮತ್ತೆ ಹೋದ.

ಅದೇ ವರ್ಷ ಅವನ ಅಣ್ಣ ತೀರಿಕೊಂಡ. ತಾಯಿಯೂ ಇಲ್ಲದ ಅಣ್ಣನ ಮಗ ದುಂಡೇಶನನ್ನು ಇವರೇ ಸಾಕಿದರು. ಕಸ್ತೂರೆವ್ವನ ಎದೆಯಲ್ಲಿ ಇನ್ನೂ ಹಾಲಿತ್ತು. ಎರಡು ವರ್ಷದ ದುಂಡೇಶ ಅದನ್ನು ಕುಡಿದ. ದೊಡ್ಡವನಾದ ಮೇಲೆ ಕಾಕಾನ ಭಾಷಣಗಳನ್ನೆಲ್ಲ ಬಾಯಿಪಾಠ ಮಾಡಿದ. ಸಂಘದ ಕಾರ್ಯದರ್ಶಿಯಾದ. ಹಾಗೆಯೇ ಒಂದು ಟೆಂಪೋ ತಗೊಂಡು ದ್ರಾಕ್ಷಿ ತೋಟಗಳಿಗೆ ಆಳು ಒದಗಿಸುವ ಮುಕಾದಮನೂ ಆದ. ಕೂಲಿಕಾರರ ಪರ ಕೂಗುವವನೂ ಅವನೇ, ಕೂಲಿಯಲ್ಲಿ ಪಾಲು ತಿನ್ನುವವನೂ ಅವನೇ. ಕಸ್ತೂರೆವ್ವ ಇದನ್ನು ಗಂಡನಿಗೆ ಹೇಳಿದ್ದಳು. ಹುಡುಗ ಸಂಘ ಬೆಳೆಸುತ್ತಿದ್ದಾನೆ, ನಿನಗೆ ತಿಳಿಯುವುದಿಲ್ಲ ಅಂದಿದ್ದ ಅಮಸಿದ್ದ.

ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದ ಕೇರಿಯ ಕಾಶಿಬಾಯಿ ಸತ್ತಿದ್ದು ಅಮಸಿದ್ದನನ್ನು ಕಟ್ಟುವ ಹಿಂದಿನ ತಿಂಗಳು, ಮಾರ್ಚಿನ ಮೊದಲ ವಾರ.

ಇಂಡಿ ರಸ್ತೆಯ ಮೇಲೆ ಶ್ರೀಶೈಲಪ್ಪನ ಒಣದ್ರಾಕ್ಷಿಯ ಶೆಡ್ಡು ಇದೆ. ಹಸಿ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ಒಣಗಿದ ಮೇಲೆ ಬಣ್ಣ ಬರಲೆಂದು ಕ್ರೇಟುಗಳಲ್ಲಿ ತುಂಬಿ ಒಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆ ಕುಡಿದ ಕಾಯಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಪೇಟೆಯಲ್ಲಿ ಅದಕ್ಕೇ ಬೆಲೆ. ಹೊಗೆ ಪೂರ್ತಿ ಆರಿದ ಮೇಲೆ ಒಳಗೆ ಹೋಗಬೇಕು. ಆರುವತನಕ ಕಾಯುವ ಪುರಸೊತ್ತು ಯಾರಿಗೂ ಇರಲಿಲ್ಲ. ಹೆಣ್ಣುಮಕ್ಕಳು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೋಗಿ ಕ್ರೇಟು ಎಳೆದು ತರುತ್ತಿದ್ದರು. ಎಲ್ಲರ ಕಣ್ಣೂ ಕೆಂಪಗಿದ್ದವು. ಎಲ್ಲರೂ ಕೆಮ್ಮುತ್ತಿದ್ದರು. ಕೋಣೆಯ ಪಾಳಿ ಹೆಚ್ಚಾಗಿ ಕೇರಿಯ ಹೆಣ್ಣುಮಕ್ಕಳಿಗೇ ಬೀಳುತ್ತಿತ್ತು.

ಅವತ್ತು ಕಾಶಿಬಾಯಿಯ ಪಾಳಿ. ಅವಳು ಒಳಗಿದ್ದಾಗ ಸೊಲ್ಲಾಪುರದ ಕಡೆಯ ವ್ಯಾಪಾರಿಗಳು ಶ್ರೀಶೈಲಪ್ಪನ ಜೊತೆ ಮಾಲು ನೋಡಲು ಬಂದರು. ಬಾಗಿಲ ಸಂದಿಯಿಂದ ಹೊಗೆ ಬಂದು ಅವರ ಕಣ್ಣಿಗೆ ಹತ್ತಿತು. ಶೆಡ್ಡಿನ ಮೇಲ್ವಿಚಾರಕ ಕಲ್ಮೇಶ ಓಡಿಹೋಗಿ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ಹತ್ತು ನಿಮಿಷ, ಅವರು ಹೋದಕೂಡಲೇ ತೆಗೆಯುತ್ತೇನೆ ಎಂದು ಹೆಣ್ಣುಮಕ್ಕಳಿಗೆ ಮೆಲ್ಲಗೆ ಹೇಳಿದ.

ಬಾಗಿಲಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಹದಿನಾಲ್ಕು ಜನ ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತ ಕೂತಿದ್ದರು. ಕಸ್ತೂರೆವ್ವ ಅವರಲ್ಲೊಬ್ಬಳು. ರೋಷನಬಿ ಅವಳ ಎಡಕ್ಕೆ. ಕಾಶಿಬಾಯಿ ಮೊದಲು ಅಂಗೈಯಿಂದ ಬಾಗಿಲು ಬಡಿದಳು. ಆಮೇಲೆ ಮುಷ್ಟಿಯಿಂದ. ಆಮೇಲೆ ಇನ್ನೇತರಿಂದಲೋ, ಕ್ರೇಟಿನಿಂದ ಇರಬೇಕು. ಕಲ್ಮೇಶ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ. ವ್ಯಾಪಾರಿಗಳು ಮಾಲು ಮೂಸುತ್ತಿದ್ದರು. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರ ಕೈಯೂ ನಿಲ್ಲಲಿಲ್ಲ. ಕಸ್ತೂರೆವ್ವನ ಕೈಯೂ ನಿಲ್ಲಲಿಲ್ಲ. ಕಾಯಿ ತೆಗೆದಳು, ತೊಟ್ಟು ಮುರಿದಳು, ಬುಟ್ಟಿಗೆ ಹಾಕಿದಳು. ಬಡಿತ ನಿಂತಾಗ ಅವಳಿಗೆ ಹಗುರ ಅನ್ನಿಸಿತು. ಕಾಶಿಬಾಯಿ ಮೂಲೆಯಲ್ಲಿ ಎಲ್ಲೋ ಗಾಳಿ ಸಿಕ್ಕು ಕೂತಿರಬೇಕು ಅಂದುಕೊಂಡಳು.

ಬಾಗಿಲು ತೆಗೆದಾಗ ಕಾಶಿಬಾಯಿ ಹೊಸ್ತಿಲಿಗೆ ತಲೆ ಕೊಟ್ಟು ಬಿದ್ದಿದ್ದಳು. ಬಾಯಿಯ ಬಟ್ಟೆ ಕಚ್ಚಿ ಹರಿದಿತ್ತು. ಉಗುರು ಕಿತ್ತು ಬಂದಿದ್ದವು.

ಅವಳಿಗೆ ಮೊದಲಿಂದ ದಮ್ಮಿನ ಜಡ್ಡು ಇತ್ತೆಂದು ಶ್ರೀಶೈಲಪ್ಪ ಹೇಳಿದ. ಡಾಕ್ಟರನೂ ಹಾಗೇ ಬರೆದ. ತಾಳಿಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದ ಮಗಳು ಪ್ರಿಯದರ್ಶಿನಿ ಬಂದು ಮುಟ್ಟುವಷ್ಟರಲ್ಲಿ ಹೆಣ ಸುಟ್ಟಾಗಿತ್ತು.

ಅವತ್ತು ಸಂಜೆ ಕಸ್ತೂರೆವ್ವ ಗಂಡನಿಗೆ ಕಾಶಿಬಾಯಿ ಹೊಗೆ ಕುಡಿದು ಸತ್ತಳು ಎಂದಷ್ಟೇ ಹೇಳಿದಳು. ನೀವೆಲ್ಲ ಎಲ್ಲಿದ್ದಿರಿ ಎಂದು ಅವನು ಕೇಳಿದ. ದೂರ ಇದ್ದೆವು ಅಂದಳು. ಚಿಲಕದ ಮಾತು ಎತ್ತಲಿಲ್ಲ. ಬಡಿತದ ಮಾತು ಎತ್ತಲಿಲ್ಲ. ಉಳಿದ ಹದಿಮೂರು ಜನರೂ ಎತ್ತಲಿಲ್ಲ.

ಅಮಸಿದ್ದನಿಗೆ ಇಪ್ಪತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಮರುದಿನವೇ ಶೆಡ್ಡಿನ ಗೇಟಿಗೆ ಕೆಂಪು ಬಟ್ಟೆ ಕಟ್ಟಿದ. ಹೆಣ್ಣುಮಕ್ಕಳು ಒಬ್ಬರೂ ತಪ್ಪದೆ ಬಂದು ಕೂತರು. ಅವರ ಸಿಟ್ಟನ್ನು ಅವನು ಕಂಡ. ಸಿಟ್ಟಿನ ಕೆಳಗೆ ಇದ್ದದ್ದು ಅವನಿಗೆ ಕಾಣಲಿಲ್ಲ. ನೋಡು, ಜನ ಎದ್ದರು ಎಂದು ಹೆಂಡತಿಗೆ ಹೇಳಿದ. ಅವಳು ತಲೆ ಬಗ್ಗಿಸಿದಳು.

ಹನ್ನೊಂದು ದಿನ ಕೂತರು. ಹನ್ನೆರಡನೆಯ ದಿನ ಶ್ರೀಶೈಲಪ್ಪ ಶೆಡ್ಡಿಗೆ ಬೀಗ ಹಾಕಿದ. ದ್ರಾಕ್ಷಿಯವರು, ಲಿಂಬೆಯವರು, ಕಬ್ಬಿನವರು, ಸುತ್ತಿನ ತೋಟದವರೆಲ್ಲ ಒಂದಾದರು. ಅಮಸಿದ್ದ ಊರಲ್ಲಿ ತಲೆ ಎತ್ತಿ ತಿರುಗುವತನಕ ಗೊರವಿಹಾಳದ ಒಂದು ಆಳನ್ನೂ ಕರೆಯುವುದಿಲ್ಲ ಅಂದರು. ಬೇರೆ ಊರಿನ ಆಳುಗಳು ಟೆಂಪೋದಲ್ಲಿ ಬಂದಿಳಿದರು. ಟೆಂಪೋ ದುಂಡೇಶನದೇ.

ಒಂದು ತಿಂಗಳು ಹೋಯಿತು. ಜನ ಮೊದಲು ಬೇಳೆ ಬಿಟ್ಟರು. ಆಮೇಲೆ ಎರಡನೆಯ ಹೊತ್ತಿನ ಊಟ ಬಿಟ್ಟರು. ಆಮೇಲೆ ಅಮಸಿದ್ದನಿಗೆ ಶರಣು ಅನ್ನುವುದನ್ನು ಬಿಟ್ಟರು. ಬೆಳಿಗ್ಗೆ ಅವನು ಹೊರಗೆ ಬಂದರೆ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ದುಂಡೇಶ ರಾಜಿ ತಂದ. ಕಾಕಾ ನಾಲ್ಕು ಜನರ ಮುಂದೆ ಎರಡು ಮಾತು ಹೇಳಬೇಕು: ಕಾಶಿಬಾಯಿ ದಮ್ಮಿನಿಂದ ಸತ್ತಳು, ನಾನು ಸುಳ್ಳು ಎಬ್ಬಿಸಿದ್ದೆ. ಆಮೇಲೆ ಸಾಹುಕಾರನ ಕಾಲು ಮುಟ್ಟಬೇಕು. ಮರುದಿನವೇ ಶೆಡ್ಡು ತೆರೆಯುತ್ತದೆ.

ಅಮಸಿದ್ದ ಒಪ್ಪಲಿಲ್ಲ. ಅವನ ಕುಲದ ಹಿರಿಯರು ಕರೆಸಿದರು. ನಮ್ಮವನಿಂದ ಕಾಲು ಮುಟ್ಟಿಸುವುದು ನಮ್ಮ ಕುಲಕ್ಕೇ ಅವಮಾನವೆಂದು ನಾವು ಎದ್ದು ನಿಲ್ಲುತ್ತೇವೆ, ನೀನು ಕೇರಿಯವಳ ಹೆಸರು ಬಿಡು ಅಂದರು. ಅವನು ಅದಕ್ಕೂ ಒಪ್ಪಲಿಲ್ಲ. ಹಾಗಾಗಿ ಸಂಘದವರು ಕಟ್ಟಿದರು.

ಕಸ್ತೂರೆವ್ವ ತಲೆಯ ಮೇಲಿನ ಹೊರೆ ಇಳಿಸದೆ ನಿಂತಿದ್ದಳು. ದುಂಡೇಶ ಮೊಬೈಲು ಹಿಡಿದು ಕಾಕಾನ ಮುಂದೆ ನಿಂತಿದ್ದ.

"ಎರಡ ಮಾತು, ಕಾಕಾ. ಹೇಳಿದ್ರ ಹಗ್ಗಾ ಬಿಚ್ಚತೇವಿ."

"ಅಕಿ ಹೊಗಿ ಕುಡದು ಸತ್ತಾಳ," ಅಂದ ಅಮಸಿದ್ದ. ನಾಲಿಗೆ ಒಣಗಿ ಮಾತು ಅಂಟಂಟಾಗಿ ಬಂತು. "ನಿಮ್ಮ ಕೈಯಾಗ ಸತ್ತರೂ ನಾ ಬ್ಯಾರೆ ಹೇಳಾಂವಲ್ಲ."

ರೋಷನಬಿ ಹಗ್ಗ ಜಗ್ಗಿದಳು. ಅವನ ತಲೆ ಕಂಬಕ್ಕೆ ಬಡಿಯಿತು.

"ಅಣ್ಣಾ, ಮೂವತ್ತು ವರ್ಷ ನೀ ಹೇಳಿದ್ದು ಕೇಳೇವಿ. ನಿನ್ನ ಕ್ರಾಂತಿ ನಮ್ಮ ಗಡಿಗ್ಯಾಗ ಬೇಯಂಗಿಲ್ಲ. ನನ್ನ ಮೊಮ್ಮಗಳು ಮಣ್ಣು ತಿನ್ನಾಕತ್ತಾಳ."

ಎಲ್ಲರ ಕಣ್ಣೂ ಕಸ್ತೂರೆವ್ವನ ಕಡೆಗೆ ತಿರುಗಿದವು. ನೀನು ಹೇಳಿದರೆ ಕೇಳುತ್ತಾನೆ ಎಂದು ದುಂಡೇಶ ಅವಳ ಕಿವಿಯ ಹತ್ತಿರ ಬಂದು ಅಂದ. ಇಲ್ಲದಿದ್ದರೆ ದೊಡ್ಡ ವಿಚಾರಣೆ ಆಗುತ್ತದೆ, ಅವತ್ತು ಒಳಗೆ ಯಾರ್ಯಾರಿದ್ದರು, ಯಾರು ಏನು ಕೇಳಿದರು ಎಲ್ಲಾ ಹೊರಗೆ ಬರುತ್ತದೆ ಅಂದ. ಅವನಿಗೆ ಗೊತ್ತಿತ್ತು. ಕಲ್ಮೇಶ ಹೇಳಿದ್ದ.

ಕಸ್ತೂರೆವ್ವ ಹೊರೆ ಇಳಿಸಿದಳು. ಗಂಡನ ಹತ್ತಿರ ಹೋಗಿ ಧೋತರ ಮೇಲೆ ಎಳೆದು ಬಿಗಿದಳು.

"ಹೇಳಿ ಬಿಡ್ರಿ," ಅಂದಳು.

ಅವನು ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಅವಳ ಮುಖ ಹುಡುಕಿದ. "ನೀನೂ?"

"ಸತ್ತಾಕಿ ತಿರಗಿ ಬರಂಗಿಲ್ಲ. ಹೇಳಿ ಬಿಡ್ರಿ."

ಪೊಲೀಸರು ಅಂಗಾಲಿಗೆ ಹೊಡೆದಾಗ ಮುರಿಯದ್ದು ಆಗ ಮುರಿಯಿತು. ಅವಳು ಅದನ್ನು ಕಣ್ಣಾರೆ ಕಂಡಳು. ಕುತ್ತಿಗೆ ಮೊದಲು ಬಿತ್ತು. ಆಮೇಲೆ ಹೆಗಲು. ಅವನು ಹೇಳಿದ. ಗಾಳಿಗೆ ದನಿ ಸರಿಯಾಗಿ ಕೇಳಿಸಿಲ್ಲ, ಇನ್ನೊಮ್ಮೆ ಹೇಳು ಕಾಕಾ ಅಂದ ದುಂಡೇಶ. ಅವನು ಇನ್ನೊಮ್ಮೆ ಹೇಳಿದ.

ಶೆಡ್ಡಿನ ಗೇಟಿನಲ್ಲಿ ಅಮಸಿದ್ದ ಕಾಲಿಗೆ ಬಗ್ಗಿದಾಗ ಶ್ರೀಶೈಲಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ದೊಡ್ಡವರು ನೀವು, ಹೀಗೆಲ್ಲ ಮಾಡಬಾರದು ಅಂದ. ಚಹಾ ತರಿಸಿದ. ಈ ವಯಸ್ಸಿನಲ್ಲಿ ಅಲೆಯುವುದು ಸಾಕು, ನಮ್ಮ ಗೇಟು ಕಾಯ್ದುಕೊಂಡು ಇರಿ ಅಂದ. ಎಲ್ಲರೂ ಸಾಹುಕಾರನ ದೊಡ್ಡ ಮನಸ್ಸನ್ನು ಹೊಗಳಿದರು. ಅಮಸಿದ್ದ ಚಹಾ ಕುಡಿದ.

ಹದಿನೈದು ದಿನಕ್ಕೆ ಪಕ್ಷದ ಕಾಗದ ಬಂತು. ಮೊಬೈಲಿನ ಚಿತ್ರ ಮೇಲಿನವರಿಗೆ ಮುಟ್ಟಿತ್ತು. ದುಡಿಯುವ ವರ್ಗಕ್ಕೆ ದ್ರೋಹ ಬಗೆದ ಕಾರಣಕ್ಕೆ ಸಂಗಾತಿ ಅಮಸಿದ್ದನನ್ನು ಹೊರಹಾಕಲಾಗಿದೆ ಎಂದು ಅದರಲ್ಲಿತ್ತು. ಕಟ್ಟೆಯ ಮೇಲೆ ನಿಂತು ಅದನ್ನು ಓದಿದವನು ಕಾರ್ಯದರ್ಶಿ ದುಂಡೇಶ. ಸಂಘದ ಪರವಾಗಿ ಕೆಳಗೆ ಸಹಿ ಹಾಕಿದವನೂ ಅವನೇ. ಓದಿ ಮುಗಿಸಿ ಮನೆಗೆ ಬಂದು ಕಾಕಿಗೆ ಊಟ ಹಾಕೆಂದ. ಅವಳು ಹಾಕಿದಳು. ಹಾಕಿದ ಕೈಯನ್ನು ಆಮೇಲೆ ಬಹಳ ಹೊತ್ತು ತೊಳೆದಳು.

ಅಮಸಿದ್ದನಿಗೆ ಖಾಕಿ ಅಂಗಿ ಕೊಟ್ಟರು. ಒಂದು ಸೀಟಿ ಕೊಟ್ಟರು. ಶ್ರೀಶೈಲಪ್ಪನ ಗಾಡಿ ಬಂದರೆ ಎದ್ದು ಗೇಟು ತೆಗೆದು ಕೈ ಎತ್ತುತ್ತಿದ್ದ. ಸಂಜೆ ಕೆಲಸ ಬಿಟ್ಟು ಹೋಗುವ ಹೆಣ್ಣುಮಕ್ಕಳ ಬುತ್ತಿ ಗಂಟು, ಸೀರೆಯ ಉಡಿ ಝಾಡಿಸಿ ಕಳಿಸುವುದು ಅವನ ಕೆಲಸ. ಒಂದು ದಿನ ಕಸ್ತೂರೆವ್ವನ ಸರದಿ ಬಂದಾಗ ಅವಳು ಹಾಗೇ ಮುಂದೆ ಹೋದಳು. ಅವನು ಸೀಟಿ ಊದಿದ.

"ಉಡಿ ಬಿಚ್ಚು," ಅಂದ.

ಅವಳು ಅವನ ಮುಖ ನೋಡಿದಳು.

"ಎಲ್ಲಾರಿಗೂ ಒಂದ ಕಾಯ್ದೆ," ಅಂದ. ಸಮಾನತೆಯ ಬಗ್ಗೆ ಮಾತಾಡುವಾಗ ಇರುತ್ತಿದ್ದ ಅದೇ ದನಿ. ಹಿಂದೆ ನಿಂತಿದ್ದ ಹೆಣ್ಣುಮಕ್ಕಳು ನಕ್ಕರು. ಅವಳು ಬಿಚ್ಚಿ ಝಾಡಿಸಿದಳು. ಎಲ್ಲೋ ಮಡಿಕೆಯಲ್ಲಿ ಸಿಕ್ಕಿದ್ದ ಮೂರು ಒಣದ್ರಾಕ್ಷಿ ಮಣ್ಣಿಗೆ ಬಿದ್ದವು. ಅವನು ಬಗ್ಗಿ ಅವನ್ನು ಎತ್ತಿ ಕಲ್ಮೇಶನನ್ನು ಕರೆದ. ಅವತ್ತಿನ ಅರ್ಧ ಕೂಲಿ ಹೋಯಿತು. ಮನೆಗೆ ಬಂದು ಅವನು ಏನೂ ಆಗದವನ ಹಾಗೆ ಕೂತು ಉಂಡ. ಅವನಿಗೆ ತಾನು ಸರಿಯಾಗಿಯೇ ಮಾಡಿದೆ ಅನ್ನಿಸಿತ್ತು. ಅದನ್ನು ಕಂಡು ಕಸ್ತೂರೆವ್ವನಿಗೆ ಮೊದಲ ಸಲ ಅವನ ಬಗ್ಗೆ ಹೆದರಿಕೆಯಾಯಿತು.

ಕಾಶಿಬಾಯಿಯ ಮಗಳು ಮಾತ್ರ ಬಿಟ್ಟಿರಲಿಲ್ಲ. ಪ್ರಿಯದರ್ಶಿನಿ ತಾಳಿಕೋಟೆಯಿಂದ ಅರ್ಜಿಯ ಮೇಲೆ ಅರ್ಜಿ ಬರೆದಳು. ಶ್ರಾವಣದಲ್ಲಿ ಕಾರ್ಮಿಕ ಇಲಾಖೆಯ ಒಬ್ಬ ಸಾಹೇಬ ಇಂಡಿಗೆ ಬಂದು ವಿಚಾರಣೆ ಮಾಡುತ್ತಾನೆಂದು ತಿಳಿಯಿತು. ಅದರ ಹಿಂದಿನ ವಾರ ಅವಳು ಗೊರವಿಹಾಳಕ್ಕೆ ಬಂದು ಮನೆಮನೆ ತಿರುಗಿದಳು. ಯಾರೂ ಬಾಗಿಲು ತೆಗೆಯಲಿಲ್ಲ. ಕಸ್ತೂರೆವ್ವ ಹಿತ್ತಲಲ್ಲಿ ಸಿಕ್ಕಳು.

"ದೊಡ್ಡವ್ವಾ, ನೀ ಹತ್ರ ಇದ್ದಿ ಅಂತಾರ. ನಮ್ಮವ್ವ ಕಡೀಕ ಏನಂದ್ಲು?"

ಏನೂ ಅನ್ನಲಿಲ್ಲ ಅಂದಳು ಕಸ್ತೂರೆವ್ವ. ಅದು ನಿಜವೇ ಆಗಿತ್ತು. ಹುಡುಗಿ ಮುಂದಿನ ಮನೆಗೆ ಹೋದಳು. ಅವಳು ಹೋದ ಮೇಲೆ ಕಸ್ತೂರೆವ್ವನಿಗೆ ಊಟ ಸೇರಲಿಲ್ಲ. ಮೂರು ದಿನ ಸೇರಲಿಲ್ಲ.

ವಿಚಾರಣೆಯ ದಿನ ಶ್ರೀಶೈಲಪ್ಪನ ಟ್ರ್ಯಾಕ್ಟರಿನಲ್ಲೇ ಎಲ್ಲರೂ ಇಂಡಿಗೆ ಹೋದರು. ಮಾಳಿಗೆಯ ಮೇಲೆ ಒಂದು ಕೋಣೆ. ಸಾಹೇಬ ಒಂದು ಮೇಜಿನ ಹಿಂದೆ. ಅವನ ಪಕ್ಕ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ. ಹೆಣ್ಣುಮಕ್ಕಳು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಶ್ರೀಶೈಲಪ್ಪನಿಗೆ ಕುರ್ಚಿ ಹಾಕಿದ್ದರು. ಪ್ರಿಯದರ್ಶಿನಿ ನಿಂತೇ ಇದ್ದಳು.

ಮೊದಲು ಕಲ್ಮೇಶ ಹೇಳಿದ. ಕಾಶಿಬಾಯಿಗೆ ಹಳೆಯ ದಮ್ಮು ಇತ್ತು. ಅವತ್ತು ನೆರಳಿನಲ್ಲಿ ಕೂತಿದ್ದವಳು ಎದೆ ಹಿಡಿದುಕೊಂಡಳು. ನಾನೇ ನೀರು ಕುಡಿಸಿದೆ. ನೀರು ಕುಡಿದು, ನನ್ನ ಮಗಳಿಗೆ ಹೇಳಿ ಕಳಿಸು ತಮ್ಮಾ ಅಂದಳು. ಹಾಗೇ ಕಣ್ಣು ಮುಚ್ಚಿದಳು.

ಪ್ರಿಯದರ್ಶಿನಿ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು. ಅವ್ವ ನೀರು ಕುಡಿದು ಸತ್ತಳು, ನನ್ನ ಹೆಸರು ಹೇಳಿ ಸತ್ತಳು ಎಂಬ ಸಮಾಧಾನದ ಅಳು ಅದು. ಕಸ್ತೂರೆವ್ವನಿಗೆ ಅದು ತಿಳಿಯಿತು. ಆ ಅಳುವನ್ನು ನೋಡುತ್ತ ಕೂರಲು ಅವಳಿಂದ ಆಗಲಿಲ್ಲ.

ಆಮೇಲೆ ಅಮಸಿದ್ದನನ್ನು ಕರೆದರು. ಅವನನ್ನೇ ಎಲ್ಲರಿಗಿಂತ ದೊಡ್ಡ ಸಾಕ್ಷಿಯೆಂದು ತಂದಿದ್ದರು. ನಲವತ್ತು ವರ್ಷ ಮಾಲೀಕರ ವಿರುದ್ಧ ಹೋರಾಡಿದ ಕಮ್ಯುನಿಸ್ಟನೇ ದಮ್ಮು ಅಂದರೆ ಇನ್ನು ಅನುಮಾನ ಎಲ್ಲಿಯದು? ಅವನು ಖಾಕಿ ಅಂಗಿಯಲ್ಲೇ ಬಂದಿದ್ದ. ಕೈ ಕಟ್ಟಿ ನಿಂತ. ದಮ್ಮಿನ ಜಡ್ಡು ಇತ್ತು ಸಾಹೇಬರೇ, ನಾನೇ ತಿಳಿಯದೆ ಜನರನ್ನು ಎಬ್ಬಿಸಿದೆ ಅಂದ. ಮಾತು ಬಾಯಿಪಾಠ ಆಗಿತ್ತು. ಸಾಹೇಬ ತಲೆಯಾಡಿಸಿದ.

ಕಸ್ತೂರೆವ್ವ ಎದ್ದು ನಿಂತಳು.

ರೋಷನಬಿ ಅವಳ ಸೀರೆ ಹಿಡಿದು ಜಗ್ಗಿದಳು. ಕಸ್ತೂರೆವ್ವ ಬಿಡಿಸಿಕೊಂಡು ಮೇಜಿನ ಮುಂದೆ ಹೋದಳು. ಸಾಹೇಬ ಕಾಗದ ನೋಡಿದ. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂದ. ಅವಳು ಸರಿಯಲಿಲ್ಲ.

"ಯಾರ ಕಡೆಯ ಸಾಕ್ಷಿ ನೀನು? ಮಾಲೀಕರ ಕಡೆಯಾ, ಅರ್ಜಿದಾರರ ಕಡೆಯಾ?"

"ಸತ್ತಾಕಿ ಕಡೇದಾಕಿ," ಅಂದಳು ಕಸ್ತೂರೆವ್ವ.

ಕಂಪ್ಯೂಟರಿನ ಮುಂದಿದ್ದ ಹುಡುಗಿ ತಲೆ ಎತ್ತಿದಳು.

"ಅಕಿ ನೀರು ಕುಡೀಲಿಲ್ರಿ. ಏನೂ ಹೇಳಲಿಲ್ರಿ. ಹೊರಗಿಂದ ಚಿಲಕಾ ಹಾಕಿದ್ರು. ಅಕಿ ಬಾಗಲಾ ಬಡದ್ಲು. ಭಾಳ ಹೊತ್ತು ಬಡದ್ಲು. ನಾವು ಹದಿನಾಕ ಮಂದಿ ಹನ್ನೆರಡ ಹೆಜ್ಜಿ ಮ್ಯಾಲೆ ಕುಂತಿದ್ವಿ. ಎಲ್ಲಾರಿಗೂ ಕೇಳಿಸ್ತು. ನನಗೂ ಕೇಳಿಸ್ತು. ನಾ ಏಳಲಿಲ್ರಿ."

ಗೋಡೆಗೆ ಒರಗಿದ ಹೆಣ್ಣುಮಕ್ಕಳಲ್ಲಿ ಯಾರೋ ಒಬ್ಬಳು ಬಿಕ್ಕಿದಳು. ಸಾಹೇಬ ಉಳಿದವರನ್ನು ಕೇಳಿದ. ಅವರು ಒಬ್ಬೊಬ್ಬರಾಗಿ ಇಲ್ಲ ಅಂದರು. ನಮಗೇನೂ ಕೇಳಿಸಿಲ್ಲ ಅಂದರು. ರೋಷನಬಿ ಕಡೆಯವಳಾಗಿ ಅಂದಳು. ಶ್ರೀಶೈಲಪ್ಪ ಕುರ್ಚಿಯಲ್ಲೇ ತಿರುಗಿ ಅಮಸಿದ್ದನನ್ನು ನೋಡಿದ. ನೋಡಿದ ಅಷ್ಟೇ.

ಅಮಸಿದ್ದನ ಬಾಯಿ ತೆರೆದಿತ್ತು. ಚಿಲಕದ ಮಾತನ್ನು ಅವನು ಈಗ ಮೊದಲ ಸಲ ಕೇಳುತ್ತಿದ್ದ. ಒಂದು ಕ್ಷಣ ಅವನ ಮುಖದಲ್ಲಿ ಗಿರಣಿಯ ಯಂತ್ರಕ್ಕೆ ಅಡ್ಡ ನಿಂತ ಹುಡುಗ ಬಂದು ಹೋದ ಹಾಗೆ ಕಸ್ತೂರೆವ್ವನಿಗೆ ಕಂಡಿತು. ಅವಳು ಕಾಯ್ದಳು. ಜೀವಮಾನವೆಲ್ಲ ಅವನಿಗಾಗಿ ಕಾಯ್ದವಳು ಇನ್ನೊಂದು ಕ್ಷಣ ಕಾಯ್ದಳು.

"ಸಾಹೇಬ್ರ, ಅಕಿ ನನ್ನ ಹೇಣ್ತಿ," ಅಂದ ಅವನು. "ಅಕಿ ತಲಿ ಸರಿ ಇಲ್ರಿ. ಮಗಾ ಸತ್ತಾಗಿಂದ ಹಂಗ ಅದಾಳ."

ಸಾಹೇಬ ಕಾಗದ ಒಟ್ಟುಗೂಡಿಸಿದ. ಎಲ್ಲರೂ ಎದ್ದರು. ಕಲ್ಮೇಶ ಬಾಗಿಲಲ್ಲಿ ಪಾಪ ಅಂದ. ಹೆಣ್ಣುಮಕ್ಕಳು ಅವಳನ್ನು ಮುಟ್ಟದೆ, ಗೋಡೆ ಸವರಿಕೊಂಡು ಇಳಿದುಹೋದರು.

ಪ್ರಿಯದರ್ಶಿನಿ ಹತ್ತಿರ ಬಂದಳು. ಅವಳ ಕಣ್ಣು ಒಣಗಿದ್ದವು.

"ಹನ್ನೆರಡ ಹೆಜ್ಜಿ?" ಎಂದು ಕೇಳಿದಳು.

ಕಸ್ತೂರೆವ್ವ ಹೌದೆಂದು ತಲೆಯಾಡಿಸಿದಳು.

ಹುಡುಗಿ ಅವಳ ಮುಖಕ್ಕೆ ಉಗುಳಿದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಹಿಂದೆ ನೋಡಲಿಲ್ಲ. ಕಸ್ತೂರೆವ್ವ ಉಗುಳನ್ನು ಕೂಡಲೇ ಒರೆಸಿಕೊಳ್ಳಲಿಲ್ಲ.

ಕೆಳಗೆ ಟ್ರ್ಯಾಕ್ಟರು ಸದ್ದು ಮಾಡುತ್ತಿತ್ತು. ಎಲ್ಲರೂ ಹತ್ತಿ ಕೂತಿದ್ದರು. ಅಮಸಿದ್ದ ಮೆಟ್ಟಿಲ ಕೆಳಗೆ ಅವಳಿಗಾಗಿ ನಿಂತಿದ್ದ. ನಡೆ, ಮನೆಗೆ ಹೋಗೋಣ ಅಂದ. ಅಲ್ಲಿ ಹಾಗೆ ಹೇಳದಿದ್ದರೆ ನಿನ್ನನ್ನು ಜೈಲಿಗೆ ಹಾಕುತ್ತಿದ್ದರು, ಹದಿನಾಲ್ಕು ಜನರನ್ನೂ ಹಾಕುತ್ತಿದ್ದರು ಅಂದ. ಇರಬಹುದು. ಅವನು ಕೈ ಚಾಚಿದ.

ಕಸ್ತೂರೆವ್ವ ಅದನ್ನು ಹಿಡಿಯಲಿಲ್ಲ.

"ಆವತ್ತು ಕಂಬದ ಮುಂದ ನಾ ಹೇಳಿದ್ದಕ್ಕ ನೀವು ಸುಳ್ಳು ಹೇಳಿದ್ರಿ. ಅದು ನನ್ನ ಪಾಪ, ನಾ ಹೊರತೇನಿ. ಇವತ್ತಿಂದು ನಿಮ್ಮದು."

ದುಂಡೇಶ ಟ್ರ್ಯಾಕ್ಟರಿನ ಮೇಲಿಂದ ಸೀಟಿ ಹೊಡೆದ. ಅಮಸಿದ್ದ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಟ್ರ್ಯಾಕ್ಟರನ್ನು ನೋಡಿದ. ಹೋಗಿ ಹತ್ತಿದ. ಹತ್ತಲು ರೋಷನಬಿ ಕೈ ಕೊಟ್ಟಳು. ಟ್ರ್ಯಾಕ್ಟರು ತಿರುಗಿ ಹೋಯಿತು. ಆ ಊರಿನಲ್ಲಿ ಇನ್ನು ತನಗೆ ಕೂಲಿ ಇಲ್ಲ, ನೀರು ಇಲ್ಲ, ಬಾಗಿಲು ಇಲ್ಲ ಎಂದು ಕಸ್ತೂರೆವ್ವನಿಗೆ ಗೊತ್ತಿತ್ತು.

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಸಾಹೇಬ ಹೋಗಿಬಿಟ್ಟಿದ್ದ. ಟೈಪು ಮಾಡುವ ಹುಡುಗಿ ಒಬ್ಬಳೇ ಚೀಲಕ್ಕೆ ಊಟದ ಡಬ್ಬಿ ತುಂಬುತ್ತಿದ್ದಳು. ನಾನು ಹೇಳಿದ್ದನ್ನು ಬರೆದುಕೊಂಡೆಯಾ ಎಂದು ಕಸ್ತೂರೆವ್ವ ಕೇಳಿದಳು. ಹುಡುಗಿ ಬಾಗಿಲ ಕಡೆ ನೋಡಿದಳು. ದನಿ ಇಳಿಸಿದಳು.

"ಬೇ, ಆದೇಶ ನಿನ್ನೇನ ಟೈಪ್ ಆಗೇತಿ. ದಮ್ಮಿನಿಂದ ಸಹಜ ಸಾವು ಅಂತ. ಇವತ್ತಿನದೆಲ್ಲಾ ಸುಮ್ಮನ."

ಕಸ್ತೂರೆವ್ವ ಸಾಹೇಬನ ಮೇಜಿನ ಮುಂದಿದ್ದ, ಶ್ರೀಶೈಲಪ್ಪ ಕೂತೆದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. ಸರಕಾರಿ ಕಚೇರಿಯಲ್ಲಿ ಅವಳು ಕುರ್ಚಿಯ ಮೇಲೆ ಕೂತಿದ್ದು ಅದೇ ಮೊದಲು.

"ಹಂಗಾರ ಇನ್ನೊಮ್ಮೆ ಮಾಡ್. ನಾ ಹೇಳತೇನಿ."

"ನನಗ ಬಸ್ಸಿಗೆ ಹೊತ್ತಾಗತೈತಿ ಬೇ."

"ಹೋಗವ್ವಾ. ನಾ ಇಲ್ಲೇ ಕುಂತಿರತೇನಿ. ನಾಳೆ ನೀ ಬಂದ ಮ್ಯಾಲೆ ಹೇಳತೇನಿ. ನಾಡದೂ ಹೇಳತೇನಿ."

ಹುಡುಗಿ ಕಂಪ್ಯೂಟರು ಆರಿಸಿದಳು. ಚೀಲ ಹೆಗಲಿಗೇರಿಸಿದಳು. ಬೀಗ ಕೈಯಲ್ಲಿ ಹಿಡಿದು ಬಾಗಿಲತನಕ ಹೋದಳು. ಅಲ್ಲಿಂದ ಮುಂದೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಸ್ತೂರೆವ್ವ ಅವಳ ಕಡೆ ನೋಡದೆ, ಕಪ್ಪಾದ ಪರದೆಯ ಕಡೆ ನೋಡುತ್ತ ಶುರು ಮಾಡಿದಳು. ಮೊದಲು ಕಾಶಿಬಾಯಿಯ ಹೆಸರು ಹೇಳಿದಳು. ಆಮೇಲೆ ತನ್ನ ಹೆಸರು.